ಎಚ್‌ಆರ್ ವೃತ್ತಿಯನ್ನು ಬಿಸಿನೆಸ್ ಡೆವಲಪ್‌ಮೆಂಟ್ ಹುದ್ದೆಯಿಂದ ಆರಂಭಿಸಬಹುದೇ?

ಹೊಸ ಪದವೀಧರೆ

ಎಲ್ಲರಿಗೂ ನಮಸ್ಕಾರ. ಮಾನವ ಸಂಪನ್ಮೂಲ (ಎಚ್‌ಆರ್) ವಿಷಯದಲ್ಲಿ ಎಂಬಿಎ ಮುಗಿಸಿದ್ದೇನೆ. ಪೂರ್ಣಾವಧಿ ಕೆಲಸದ ಅನುಭವ ಇನ್ನೂ ಇಲ್ಲ. ಬೇರೆ ಕಂಪನಿಗಳಿಗೆ ಸಿಬ್ಬಂದಿಯನ್ನು ಹುಡುಕಿಕೊಡುವ ಒಂದು ನೇಮಕಾತಿ ಸಂಸ್ಥೆಯಿಂದ ಆಫರ್ ಬಂದಿದೆ. ನಾನು ಅರ್ಜಿ ಹಾಕಿದ್ದು ಎಚ್‌ಆರ್ ಹುದ್ದೆಗೆ. ಸಂದರ್ಶನ ಮುಗಿಯುವ ಹೊತ್ತಿಗೆ ಅವರು ಕೊಡಲು ಒಪ್ಪಿದ್ದು ‘ಬಿಸಿನೆಸ್ ಡೆವಲಪ್‌ಮೆಂಟ್ ಎಕ್ಸಿಕ್ಯೂಟಿವ್’ ಹುದ್ದೆ. ಹೊಸ ಕಂಪನಿಗಳನ್ನು ಸಂಪರ್ಕಿಸುವುದು, ಅಲ್ಲಿನ ಎಚ್‌ಆರ್ ವಿಭಾಗದವರೊಂದಿಗೆ ಭೇಟಿ ನಿಗದಿ ಮಾಡುವುದು, ಸಂಸ್ಥೆಯ ಸೇವೆಯನ್ನು ವಿವರಿಸಿ ಮಾತುಕತೆಯನ್ನು ಒಪ್ಪಂದದವರೆಗೆ ತರುವುದು ಮುಖ್ಯ ಕೆಲಸವಂತೆ. ನಿಗದಿತ ಸಂಬಳದ ಜೊತೆಗೆ ಟಾರ್ಗೆಟ್ ಮುಟ್ಟಿದರೆ ಇನ್ಸೆಂಟಿವ್ ಇದೆ. ‘ನೀವು ಎಚ್‌ಆರ್ ಓದಿದ್ದೀರಿ ಎಂದೇ ನಿಮ್ಮನ್ನು ಆರಿಸಿದ್ದೇವೆ, ಒಂದು ವರ್ಷವಾದ ಮೇಲೆ ಎಚ್‌ಆರ್‌ಗೆ ವರ್ಗಾಯಿಸುತ್ತೇವೆ’ ಎಂದು ಬಾಯಿಮಾತಿನಲ್ಲಿ ಹೇಳಿದ್ದಾರೆ.

ಕೈಯಲ್ಲಿ ಬೇರೆ ಆಫರ್ ಇಲ್ಲ. ರೆಸ್ಯೂಮೆಯಲ್ಲಿ ಒಮ್ಮೆ ಮಾರಾಟದ ಅನುಭವ ಸೇರಿಕೊಂಡರೆ ಮುಂದೆ ಯಾರೂ ಎಚ್‌ಆರ್ ಹುದ್ದೆಗೆ ಕರೆಯುವುದಿಲ್ಲವೆಂದು ಸಹಪಾಠಿಗಳು ಹೆದರಿಸುತ್ತಿದ್ದಾರೆ. ಖಾಲಿ ಕೂರುವುದಕ್ಕಿಂತ ಇದು ವಾಸಿ ಎನ್ನುವವರೂ ಇದ್ದಾರೆ. ಈ ಅನುಭವವನ್ನು ಎಚ್‌ಆರ್ ಅನುಭವವೆಂದು ಪರಿಗಣಿಸುತ್ತಾರೆಯೇ, ಸೇರುವ ಮೊದಲು ಸಂಸ್ಥೆಯವರಿಂದ ಏನನ್ನು ತಿಳಿದುಕೊಳ್ಳಬೇಕು ಎಂಬುದನ್ನು ಈ ಕ್ಷೇತ್ರದಲ್ಲಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಕಾರ್ಖಾನೆಯ ಎಚ್‌ಆರ್

ನೇರವಾಗಿ ಹೇಳುತ್ತೇನೆ, ಬೇಸರಿಸಿಕೊಳ್ಳಬೇಡಿ. ಇದು ಮಾರಾಟದ ಕೆಲಸ. ನೌಕರನೊಬ್ಬ ಸೇರಿದ ದಿನದಿಂದ ಬಿಟ್ಟುಹೋಗುವ ದಿನದವರೆಗೆ ಅವನ ಹಾಜರಾತಿ, ರಜೆ, ಸಂಬಳ, ಬಡ್ತಿ, ದೂರು, ಶಿಸ್ತುಕ್ರಮ, ಲೆಕ್ಕ ಚುಕ್ತಾ ಇವೆಲ್ಲವನ್ನೂ ನೋಡಿಕೊಳ್ಳುವುದು ಎಚ್‌ಆರ್ ಕೆಲಸ. ನೀವು ಬರೆದಿರುವ ಪಟ್ಟಿಯಲ್ಲಿ ಇವುಗಳಲ್ಲಿ ಒಂದೂ ಇಲ್ಲ. ನೀವು ಭೇಟಿಯಾಗುವವರು ಎಚ್‌ಆರ್ ವಿಭಾಗದವರು ಎಂಬ ಕಾರಣಕ್ಕೆ ನಿಮ್ಮ ಕೆಲಸ ಎಚ್‌ಆರ್ ಆಗುವುದಿಲ್ಲ. ಹಾಗೆ ನೋಡಿದರೆ ಆಸ್ಪತ್ರೆಗೆ ಔಷಧಿ ಮಾರುವವರೆಲ್ಲ ವೈದ್ಯರಾಗಬೇಕಿತ್ತು. ಸಣ್ಣ ಸಂಸ್ಥೆಯಾದರೂ ಸರಿ, ಸಂಬಳ ಕಡಿಮೆಯಾದರೂ ಸರಿ, ಎಚ್‌ಆರ್ ಸಹಾಯಕರ ಹುದ್ದೆಗೇ ಪ್ರಯತ್ನಿಸಿ.

ನೇಮಕಾತಿ ಸಲಹೆಗಾರ

ಮೇಲಿನವರ ಮಾತಿನಲ್ಲಿ ಸತ್ಯವಿದೆ, ಆದರೆ ಅದು ಪೂರ್ತಿ ಚಿತ್ರವಲ್ಲ. ನಾನು ನೇಮಕಾತಿ ಸಂಸ್ಥೆಗಳಲ್ಲೇ ಬೆಳೆದವನು. ಆದ್ದರಿಂದ ಒಳಗಿನ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ತೀರ್ಮಾನ ನಿಮ್ಮದು.

ನೇಮಕಾತಿ ಸಂಸ್ಥೆಗೆ ಎರಡು ಕಡೆ ಇರುತ್ತವೆ. ಒಂದು ಕಡೆ ಜನ ಬೇಕೆನ್ನುವ ಕಂಪನಿ, ಅಂದರೆ ಕ್ಲೈಂಟ್. ಇನ್ನೊಂದು ಕಡೆ ಕೆಲಸ ಹುಡುಕುವ ಅಭ್ಯರ್ಥಿ. ಕ್ಲೈಂಟನ್ನು ಕರೆತರುವುದು, ಹುದ್ದೆಯ ಅಗತ್ಯವನ್ನು ಕೇಳಿಸಿಕೊಳ್ಳುವುದು, ಅಭ್ಯರ್ಥಿಗಳನ್ನು ಹುಡುಕಿ ಮಾತನಾಡಿಸುವುದು, ಸಂದರ್ಶನ ಏರ್ಪಡಿಸುವುದು, ಆಫರ್ ಹಂತದ ಚೌಕಾಸಿ, ಸೇರುವ ದಿನದವರೆಗಿನ ಬೆನ್ನುಹತ್ತುವಿಕೆ ಇವಿಷ್ಟನ್ನೂ ಒಬ್ಬರೇ ಮಾಡುವ ಪದ್ಧತಿಗೆ ನಮ್ಮಲ್ಲಿ ‘360 ಡಿಗ್ರಿ’ ಎನ್ನುತ್ತಾರೆ. ಎರಡು ಕಡೆಯನ್ನೂ ಬೇರೆ ಬೇರೆಯವರಿಗೆ ಹಂಚಿದರೆ ಅದು ‘180 ಡಿಗ್ರಿ’. ಸಣ್ಣ ಸಂಸ್ಥೆಗಳಲ್ಲಿ ಮೊದಲನೆಯದು ಹೆಚ್ಚು, ದೊಡ್ಡವುಗಳಲ್ಲಿ ಎರಡನೆಯದು ಹೆಚ್ಚು. ನಿಮ್ಮ ಪ್ರಶ್ನೆಗೆ ಉತ್ತರ ಹುದ್ದೆಯ ಹೆಸರಿಗಿಂತ ಹೆಚ್ಚಾಗಿ ಇಲ್ಲಿಯೇ ಇದೆ. ಒಪ್ಪಂದಕ್ಕೆ ಸಹಿ ಬಿದ್ದ ಕೂಡಲೇ ಕಡತವನ್ನು ಇನ್ನೊಬ್ಬರ ಕೈಗಿತ್ತು ನೀವು ಮುಂದಿನ ಕಂಪನಿಗೆ ಫೋನ್ ಮಾಡಬೇಕಾದರೆ, ಒಂದು ವರ್ಷ ಕಳೆದ ಮೇಲೂ ನಿಮಗೆ ಗೊತ್ತಿರುವುದು ಫೋನ್ ಮಾಡುವುದು ಮಾತ್ರ. ಅಗತ್ಯವನ್ನು ಕೇಳಿ ಬರೆದುಕೊಳ್ಳುವ ಕೆಲಸವೂ ನಿಮ್ಮದಾಗಿದ್ದರೆ ಪರಿಸ್ಥಿತಿ ಬೇರೆ.

ಆ ಕೆಲಸದ ತೂಕ ಹೊರಗಿನವರಿಗೆ ತಿಳಿಯುವುದಿಲ್ಲ. ಕ್ಲೈಂಟ್ ಕಳಿಸುವ ಹುದ್ದೆಯ ವಿವರಣೆ ಬಹುತೇಕ ಹಳೆಯದೊಂದರ ನಕಲು. ಅದನ್ನು ಮುಂದಿಟ್ಟುಕೊಂಡು, ಈ ಹುದ್ದೆ ಖಾಲಿಯಾದದ್ದು ಏಕೆ, ಹಿಂದೆ ಇದ್ದವರು ಬಿಟ್ಟದ್ದು ಸಂಬಳಕ್ಕಾಗಿಯೋ ಮೇಲಧಿಕಾರಿಯ ಕಾಟಕ್ಕೋ, ಪಟ್ಟಿಯಲ್ಲಿರುವ ಹತ್ತು ಅರ್ಹತೆಗಳಲ್ಲಿ ನಿಜವಾಗಿ ಬಿಡಲಾಗದವು ಯಾವುವು, ಈ ಸಂಬಳಕ್ಕೆ ಇಂಥವರು ಮಾರುಕಟ್ಟೆಯಲ್ಲಿ ಸಿಗುತ್ತಾರೆಯೇ, ಅಂತಿಮ ತೀರ್ಮಾನ ಯಾರದು ಎಂದೆಲ್ಲ ವಿನಯದಿಂದಲೇ ಕೆದಕಿ ತಿಳಿದುಕೊಳ್ಳಬೇಕು. ಕಂಪನಿಯೊಳಗೆ ಕುಳಿತ ಹೊಸ ಎಚ್‌ಆರ್ ಉದ್ಯೋಗಿಗೆ ಇಂಥ ಮಾತುಕತೆ ನಡೆಸುವ ಅವಕಾಶ ಬೇಗ ಸಿಗುವುದಿಲ್ಲ, ಸಿಕ್ಕರೂ ಒಂದೇ ಕಂಪನಿಯ ಮಟ್ಟಿಗೆ. ನಿಮಗೆ ಹಲವು ಕಂಪನಿಗಳ ಸಂಬಳದ ರಚನೆ, ಹುದ್ದೆಗಳ ಶ್ರೇಣಿ, ಸಂದರ್ಶನದ ಸುತ್ತುಗಳು ಎಲ್ಲವೂ ಕಣ್ಣಿಗೆ ಬೀಳುತ್ತವೆ.

ಹಣದ ವ್ಯವಸ್ಥೆಯನ್ನೂ ಅರಿತುಕೊಂಡು ಹೋಗಿ. ಅಭ್ಯರ್ಥಿ ಸೇರಿದರೆ ಮಾತ್ರ ಶುಲ್ಕ ಎನ್ನುವ ಪದ್ಧತಿಯೇ ಹೆಚ್ಚು ಬಳಕೆಯಲ್ಲಿದೆ. ಆ ಶುಲ್ಕ ಅಭ್ಯರ್ಥಿಯ ವಾರ್ಷಿಕ ಸಂಬಳದ ಇಂತಿಷ್ಟು ಶೇಕಡಾ ಎಂದಿರುತ್ತದೆ. ಉನ್ನತ ಹುದ್ದೆಗಳ ಹುಡುಕಾಟದಲ್ಲಿ ಶುಲ್ಕವನ್ನು ಮೊದಲೇ ಗೊತ್ತುಪಡಿಸಿ ಕಂತುಗಳಲ್ಲಿ ಪಡೆಯುತ್ತಾರೆ. ತಾತ್ಕಾಲಿಕ ಸಿಬ್ಬಂದಿಯನ್ನು ತಮ್ಮದೇ ಸಂಬಳಪಟ್ಟಿಯಲ್ಲಿ ಅಂದರೆ ಪೇರೋಲ್‌ನಲ್ಲಿಟ್ಟು ಕ್ಲೈಂಟಿನ ಬಳಿ ಕೆಲಸಕ್ಕೆ ಕಳಿಸುವ ಸಂಸ್ಥೆಗಳು ಸಂಬಳದ ಮೇಲೆ ತಮ್ಮ ಪಾಲನ್ನು ಸೇರಿಸಿ ಬಿಲ್ ಮಾಡುತ್ತವೆ. ಈ ಮೂರನೆಯ ಬಗೆಯ ಸಂಸ್ಥೆ ಸಿಕ್ಕರೆ ನಿಮ್ಮ ಮಟ್ಟಿಗೆ ಒಳ್ಳೆಯದೆಂದೇ ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿ ಸಂಬಳ, ರಜೆ, ಶಾಸನಬದ್ಧ ಕಡಿತ, ಕಾರ್ಮಿಕ ಕಾನೂನು ಎಲ್ಲವೂ ಒಂದೇ ಸೂರಿನಡಿ ಇರುತ್ತವೆ. ಪಕ್ಕದ ಮೇಜಿನವರನ್ನು ಕೇಳಿ ಕಲಿಯಬಹುದು.

ಮಾರಾಟದಲ್ಲಿರುವವನು

ಎಚ್‌ಆರ್ ಓದಿದವರನ್ನು ಈ ಹುದ್ದೆಗೆ ಏಕೆ ಹುಡುಕುತ್ತಾರೆ ಎಂಬುದನ್ನು ಇನ್ನೊಂದು ಕಡೆಯಿಂದ ಹೇಳುತ್ತೇನೆ. ಕೊಳ್ಳುವವರು ಎಚ್‌ಆರ್ ಮುಖ್ಯಸ್ಥರು. ಅವರೆದುರು ಕುಳಿತು ಸಿಬ್ಬಂದಿ ಬಿಟ್ಟುಹೋಗುವ ಪ್ರಮಾಣ, ಹುದ್ದೆ ತುಂಬಲು ಹಿಡಿಯುವ ಕಾಲ, ಆಫರ್ ಪಡೆದವರಲ್ಲಿ ನಿಜಕ್ಕೂ ಸೇರುವವರೆಷ್ಟು ಎಂಬ ಭಾಷೆಯಲ್ಲಿ ಮಾತನಾಡಬಲ್ಲವರು ಬೇಕು. ಅಂದಮೇಲೆ ‘ಎಚ್‌ಆರ್ ಓದಿದ್ದೀರಿ ಎಂದೇ ಆರಿಸಿದ್ದೇವೆ’ ಎಂಬುದು ಸುಳ್ಳಲ್ಲ. ಆದರೆ ಆರಿಸಿದ್ದು ಮಾರಾಟಕ್ಕೆ. ನೀವು ಟಾರ್ಗೆಟ್ ಚೆನ್ನಾಗಿ ಮುಟ್ಟಿದರೆ ನಿಮ್ಮನ್ನು ಎಚ್‌ಆರ್‌ಗೆ ಬಿಟ್ಟುಕೊಡಲು ಯಾವ ಮೇಲಧಿಕಾರಿಗೂ ಮನಸ್ಸಾಗುವುದಿಲ್ಲ. ಮುಟ್ಟದಿದ್ದರೆ ವರ್ಗಾವಣೆಯ ಮಾತೇ ಬರುವುದಿಲ್ಲ. ಆ ಭರವಸೆಯ ಒಳಗಿನ ಈ ತೊಡಕನ್ನು ಮೊದಲೇ ಅರಿತಿರಿ.

ಇನ್ಸೆಂಟಿವ್ ಲೆಕ್ಕ ಹಾಕುವುದು ಯಾವಾಗ ಎಂದು ಕೇಳಿ. ಒಪ್ಪಂದಕ್ಕೆ ಸಹಿಯಾದಾಗ, ಅಭ್ಯರ್ಥಿ ಸೇರಿದಾಗ, ಬಿಲ್ ಕಳಿಸಿದಾಗ, ಹಣ ಬ್ಯಾಂಕಿಗೆ ಬಂದಾಗ ಇವು ನಾಲ್ಕೂ ಬೇರೆ ಬೇರೆ ದಿನಗಳು, ನಡುವೆ ತಿಂಗಳುಗಳೇ ಕಳೆಯಬಹುದು. ಸೇರಿದ ಅಭ್ಯರ್ಥಿ ನಿಗದಿತ ಅವಧಿಯೊಳಗೆ ಬಿಟ್ಟರೆ ಉಚಿತವಾಗಿ ಬದಲಿಯನ್ನು ಕೊಡಬೇಕೆಂಬ ಷರತ್ತು ಬಹುತೇಕ ಒಪ್ಪಂದಗಳಲ್ಲಿ ಇರುತ್ತದೆ. ಆಗ ಕೊಟ್ಟ ಇನ್ಸೆಂಟಿವ್ ಹಿಂದಕ್ಕೆ ಪಡೆಯುತ್ತಾರೆಯೇ ಎಂಬುದನ್ನೂ ಕೇಳಿ.

ಇನ್ನೊಂದು ಮಾತು, ಇದನ್ನು ಯಾರೂ ಸಾಮಾನ್ಯವಾಗಿ ಹೇಳುವುದಿಲ್ಲ. ಅಪರಿಚಿತರಿಗೆ ಫೋನ್ ಮಾಡುವುದು, ಹತ್ತು ಕಡೆ ‘ಬೇಡ’ ಎನ್ನಿಸಿಕೊಂಡು ಹನ್ನೊಂದನೆಯ ಕರೆಗೂ ಅದೇ ದನಿಯಲ್ಲಿ ಮಾತನಾಡುವುದು ನಿಮ್ಮ ಸ್ವಭಾವಕ್ಕೆ ಒಗ್ಗದಿದ್ದರೆ, ಮುಂದೆ ಅದು ಎಚ್‌ಆರ್‌ಗೆ ದಾರಿಯಾಗುತ್ತದೆ ಎಂಬ ಆಸೆಯೊಂದರಿಂದ ಈ ಕೆಲಸದಲ್ಲಿ ಉಳಿಯಲು ಆಗುವುದಿಲ್ಲ.

ಎಚ್‌ಆರ್ ಮುಖ್ಯಸ್ಥೆ

ಇಂಥ ರೆಸ್ಯೂಮೆ ನನ್ನ ಮೇಜಿಗೆ ಬಂದಾಗ ನಾನು ಹೇಗೆ ಓದುತ್ತೇನೆ ಎಂದು ಹೇಳಿದರೆ ನಿಮಗೆ ಉಪಯೋಗವಾಗಬಹುದು.

ಮೊದಲು ಒಂದು ಹಿನ್ನೆಲೆ. ಎಚ್‌ಆರ್ ಎಂದರೆ ಇಷ್ಟೇ ಎಂದು ಗೆರೆ ಎಳೆಯುವುದು ಈ ವೃತ್ತಿಯ ಇತಿಹಾಸಕ್ಕೇ ಒಗ್ಗುವುದಿಲ್ಲ. ಅಮೆರಿಕದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿಯಲ್ಲಿ 1901ರ ಮುಷ್ಕರದ ಬೆನ್ನಿಗೆ ಸಿಬ್ಬಂದಿಯ ದೂರು, ಸುರಕ್ಷತೆ, ವಜಾ ಮುಂತಾದವನ್ನು ನೋಡಿಕೊಳ್ಳಲು ಪ್ರತ್ಯೇಕ ವಿಭಾಗ ಹುಟ್ಟಿತು. ಇಂದು ಸಿಐಪಿಡಿ ಎಂದು ಕರೆಯುವ ಬ್ರಿಟನ್ನಿನ ವೃತ್ತಿಸಂಘ 1913ರಲ್ಲಿ ಆರಂಭವಾದದ್ದು ಕಾರ್ಖಾನೆಗಳ ಕಾರ್ಮಿಕ ಕಲ್ಯಾಣಾಧಿಕಾರಿಗಳ ಸಂಘವಾಗಿ. 1997ರಲ್ಲಿ ಅಮೆರಿಕದ ಪ್ರಾಧ್ಯಾಪಕ ಡೇವ್ ಉಲ್ರಿಕ್ ಎಚ್‌ಆರ್‌ಗೆ ನಾಲ್ಕು ಪಾತ್ರಗಳನ್ನು ಗುರುತಿಸಿದರು: ಆಡಳಿತದ ಪರಿಣತ, ನೌಕರರ ಪರ ನಿಲ್ಲುವವ, ಬದಲಾವಣೆಯನ್ನು ನಡೆಸುವವ, ವ್ಯವಹಾರದ ತಂತ್ರದಲ್ಲಿ ಪಾಲುದಾರ. ಕಾರ್ಖಾನೆಯ ಮಿತ್ರರು ಹೇಳಿದ್ದು ಮೊದಲೆರಡು ಪಾತ್ರಗಳ ಮಾತು. ಕೊನೆಯ ಪಾತ್ರ ಈಗ ಎಲ್ಲರ ರೆಸ್ಯೂಮೆಯಲ್ಲೂ ರಾರಾಜಿಸುತ್ತಿದೆ, ಆದರೆ ಕಂಪನಿ ಹಣ ಗಳಿಸುವುದು ಹೇಗೆ ಎಂದು ಕೇಳಿದರೆ ತಡವರಿಸುವವರೇ ಹೆಚ್ಚು. ಗ್ರಾಹಕರ ಎದುರು ಕುಳಿತು ಬೆಲೆಯ ಬಗ್ಗೆ ಮಾತನಾಡಿದವರು, ಒಂದು ಹುದ್ದೆ ಖಾಲಿ ಉಳಿದರೆ ಯಾವ ವಿಭಾಗಕ್ಕೆ ಯಾವ ನಷ್ಟ ಎಂಬುದನ್ನು ಕ್ಲೈಂಟಿನ ಬಾಯಿಂದಲೇ ಕೇಳಿದವರು ಆ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತಾರೆ. ಅದು ನನಗೆ ಬೆಲೆಯುಳ್ಳ ಗುಣ.

ಈಗ ಕಹಿ ಭಾಗ. ಮೂರು ವಿಷಯಗಳನ್ನು ನೀವು ಅಲ್ಲಿ ಕಲಿಯುವುದಿಲ್ಲ. ಒಬ್ಬ ನೌಕರನ ಮೇಲೆ ಇನ್ನೊಬ್ಬರು ಕೊಟ್ಟ ದೂರನ್ನು ಪಕ್ಷಪಾತವಿಲ್ಲದೆ ವಿಚಾರಣೆ ಮಾಡುವುದು. ಸಂಬಳ ಮತ್ತು ಕಾನೂನು ಪಾಲನೆಯ ದಿನನಿತ್ಯದ ನಿಖರತೆ. ಒಳಗಿನ ಗುಟ್ಟನ್ನು ವರ್ಷಾನುಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡು ಅದೇ ಜನರ ಜೊತೆ ಊಟಕ್ಕೆ ಕೂರುವುದು. ಈ ಕೊನೆಯದು ತಮಾಷೆಯ ಮಾತಲ್ಲ. ಮಾರಾಟದವರ ಶಕ್ತಿ ಸಂಬಂಧ ಬೆಳೆಸುವುದರಲ್ಲಿದೆ. ಎಚ್‌ಆರ್‌ನಲ್ಲಿ ಸ್ವಲ್ಪ ದೂರ ನಿಲ್ಲುವುದನ್ನೂ ಕಲಿಯಬೇಕಾಗುತ್ತದೆ.

ಆದ್ದರಿಂದ ಈ ಹುದ್ದೆಯಿಂದ ನೇರವಾಗಿ ಎಲ್ಲ ಕೆಲಸವನ್ನೂ ನೋಡಿಕೊಳ್ಳುವ ಎಚ್‌ಆರ್ ಹುದ್ದೆಗೆ ಜಿಗಿಯುವುದು ಕಷ್ಟ. ನಡುವೆ ಒಂದು ಮೆಟ್ಟಿಲು ಬೇಕು, ಅದು ಕಂಪನಿಯೊಂದರ ಒಳಗಿನ ನೇಮಕಾತಿ ತಂಡ. ಅಲ್ಲಿಗೆ ಬರಲು ನಿಮ್ಮ ಅನುಭವ ನೇರವಾಗಿ ಸಾಲುತ್ತದೆ. ಅಲ್ಲಿಂದ ಹೊಸಬರ ಸೇರ್ಪಡೆ, ಸಿಬ್ಬಂದಿ ಯೋಜನೆ, ಮುಂದೆ ಒಂದು ವಿಭಾಗದ ಎಚ್‌ಆರ್ ಹೊಣೆ ಹೀಗೆ ಒಳಗೊಳಗೇ ಸರಿಯುವುದು ಸಾಧ್ಯ.

ಅನುಭವದ ವರ್ಷಗಳ ಬಗ್ಗೆ ಒಂದು ವಿಪರ್ಯಾಸವಿದೆ. ಫ್ರಾಂಕ್ ಷ್ಮಿಟ್ ಮತ್ತು ಜಾನ್ ಹಂಟರ್ ಎಂಬ ಸಂಶೋಧಕರು ಆಯ್ಕೆ ವಿಧಾನಗಳ ಬಗ್ಗೆ 85 ವರ್ಷಗಳಲ್ಲಿ ನಡೆದ ಸಂಶೋಧನೆಯನ್ನು ಒಟ್ಟುಗೂಡಿಸಿ 1998ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಒಬ್ಬರು ಮುಂದೆ ಹೇಗೆ ಕೆಲಸ ಮಾಡುತ್ತಾರೆ ಎಂಬುದನ್ನು ಊಹಿಸಲು ಎಲ್ಲರಿಗೂ ಅವೇ ಪ್ರಶ್ನೆಗಳನ್ನು ಕೇಳುವ ಕ್ರಮಬದ್ಧ ಸಂದರ್ಶನವೂ ಕೆಲಸದ ಒಂದು ತುಣುಕನ್ನು ಮಾಡಿಸಿ ನೋಡುವ ಮಾದರಿ ಪರೀಕ್ಷೆಯೂ ಬಹಳ ನೆರವಾಗುತ್ತವೆ, ಅನುಭವದ ವರ್ಷಗಳ ಎಣಿಕೆ ಅವುಗಳಿಗಿಂತ ತೀರ ಕಡಿಮೆ ನೆರವಾಗುತ್ತದೆ ಎಂದು ಕಂಡುಬಂತು. ಇದನ್ನು ತರಗತಿಯಲ್ಲಿ ಓದಿದ ನಾವೇ ಜಾಹೀರಾತಿನಲ್ಲಿ ‘ಎಚ್‌ಆರ್‌ನಲ್ಲಿ ಎರಡು ವರ್ಷ’ ಎಂದು ಬರೆಯುತ್ತೇವೆ. ಸರಿಯೋ ತಪ್ಪೋ, ಆ ಜರಡಿ ಇದೆ, ನೀವು ಅದನ್ನು ದಾಟಲೇಬೇಕು. ದಾಟಲು ನೆರವಾಗುವುದು ನಿಮ್ಮ ಕೆಲಸದ ವಿವರಣೆಯಲ್ಲಿ ನೇಮಕಾತಿಯ ಭಾಗ ಎಷ್ಟು ಸ್ಪಷ್ಟವಾಗಿದೆ ಎಂಬುದು.

ಕಾರ್ಖಾನೆಯ ಎಚ್‌ಆರ್

ಮೇಡಂ, ನಿಮ್ಮ ಮಾತನ್ನು ಗೌರವದಿಂದಲೇ ಒಂದು ಕಡೆ ವಿರೋಧಿಸುತ್ತೇನೆ. ಈ ದಾರಿಯಲ್ಲಿ ಎಚ್‌ಆರ್‌ಗೆ ಬಂದವರು ನಿಮ್ಮ ಮೇಜಿನ ಮುಂದೆ ಬರುತ್ತಾರೆ, ಆದ್ದರಿಂದ ನಿಮಗೆ ಅವರೇ ಕಾಣುತ್ತಾರೆ. ಬಾರದೆ ಮಾರಾಟದಲ್ಲೇ ಉಳಿದವರು, ಟಾರ್ಗೆಟ್ ಮುಟ್ಟಲಾಗದೆ ಪ್ರೊಬೇಷನ್‌ನಲ್ಲೇ ಹೊರಬಿದ್ದವರು ಯಾವ ಎಚ್‌ಆರ್ ಮುಖ್ಯಸ್ಥರ ಕಣ್ಣಿಗೂ ಬೀಳುವುದಿಲ್ಲ. ಗೆದ್ದವರನ್ನು ಮಾತ್ರ ಎಣಿಸಿ ದಾರಿ ಸುಗಮವೆಂದು ಹೊಸಬರಿಗೆ ಹೇಳುವುದು ಸರಿಯಲ್ಲ.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ‘ಒಂದು ವರ್ಷದ ನಂತರ ಎಚ್‌ಆರ್‌ಗೆ ವರ್ಗಾವಣೆ’ ಎಂದಿದ್ದಾರಲ್ಲ, ಆ ಸಂಸ್ಥೆಗೆ ತನ್ನದೇ ಎಚ್‌ಆರ್ ವಿಭಾಗ ಇದೆಯೇ? ಅನೇಕ ನೇಮಕಾತಿ ಸಂಸ್ಥೆಗಳಲ್ಲಿ ಊರಿಗೆಲ್ಲ ಎಚ್‌ಆರ್ ಸೇವೆ ಕೊಡುತ್ತಾರೆ, ತಮ್ಮ ಸಿಬ್ಬಂದಿಯ ರಜೆ ಮತ್ತು ಸಂಬಳವನ್ನು ಲೆಕ್ಕಪತ್ರದವರೇ ನೋಡಿಕೊಳ್ಳುತ್ತಾರೆ. ಇಲ್ಲದ ಕುರ್ಚಿಗೆ ವರ್ಗಾವಣೆ ಆಗುವುದಾದರೂ ಹೇಗೆ?

ಎಚ್‌ಆರ್ ಮುಖ್ಯಸ್ಥೆ

ನಿಮ್ಮ ಮೊದಲ ಆಕ್ಷೇಪವನ್ನು ಒಪ್ಪುತ್ತೇನೆ. ದಾರಿ ಇದೆ ಎಂದೆ, ಸುಗಮ ಎನ್ನಲಿಲ್ಲ. ಎರಡನೆಯ ಪ್ರಶ್ನೆ ಬಹಳ ಒಳ್ಳೆಯದು, ಅವರು ಮೊದಲು ಕೇಳಬೇಕಾದದ್ದೇ ಅದು.

ಇನ್ನೊಬ್ಬ ಅಭ್ಯರ್ಥಿ

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ, ನನ್ನದೂ ಇದೇ ಬಗೆಯ ಗೊಂದಲ. ನನಗೆ ಬಂದಿರುವುದು ಹಾಜರಾತಿ ಮತ್ತು ಪೇರೋಲ್ ಸಾಫ್ಟ್‌ವೇರ್ ಮಾರುವ ಕಂಪನಿಯಲ್ಲಿನ ಬಿಸಿನೆಸ್ ಡೆವಲಪ್‌ಮೆಂಟ್ ಹುದ್ದೆ. ಇದಕ್ಕೂ ಮೇಲಿನ ಮಾತುಗಳೇ ಅನ್ವಯಿಸುತ್ತವೆಯೇ?

ನೇಮಕಾತಿ ಸಲಹೆಗಾರ

ಭಾಗಶಃ ಅನ್ವಯಿಸುತ್ತವೆ. ಅಲ್ಲಿ ಮಾರಾಟದ ಹುದ್ದೆಗಿಂತ, ಸಾಫ್ಟ್‌ವೇರನ್ನು ಗ್ರಾಹಕರ ಕಂಪನಿಯಲ್ಲಿ ಅಳವಡಿಸುವ ತಂಡ ನಿಮಗೆ ಹೆಚ್ಚು ಸೂಕ್ತ. ಒಂದು ಕಂಪನಿಯ ರಜೆ ನಿಯಮ, ಪಾಳಿ, ಓವರ್‌ಟೈಮ್ ಲೆಕ್ಕ, ಸಂಬಳದ ಕಡಿತಗಳನ್ನು ವ್ಯವಸ್ಥೆಯೊಳಗೆ ಕೂರಿಸಬೇಕಾದರೆ ಆ ನಿಯಮಗಳನ್ನು ಅಕ್ಷರಶಃ ಅರಿಯಬೇಕು. ಆ ತಂಡದಿಂದ ಎಚ್‌ಆರ್ ಆಪರೇಷನ್ಸ್, ಅಂದರೆ ರಜೆ, ಸಂಬಳದಂಥ ದಿನನಿತ್ಯದ ಕೆಲಸದ ಕಡೆಗೆ ಹೋಗುವುದು ಸಹಜ. ಮಾರಾಟದ ಹುದ್ದೆಯನ್ನೇ ಒಪ್ಪುವುದಾದರೆ, ಡೆಮೊ ತೋರಿಸುವ ಮತ್ತು ಗ್ರಾಹಕರ ಬೇಡಿಕೆಯನ್ನು ಬರೆದುಕೊಳ್ಳುವ ಕೆಲಸ ನಿಮ್ಮದಾಗಿರಲಿ ಎಂದು ಕೇಳಿ.

ಕಾನೂನು ಪಾಲನೆ ನೋಡುವವರು

ಎಲ್ಲರೂ ವೃತ್ತಿಯ ಮಾತನ್ನಾಡಿದ್ದೀರಿ, ಸಂಸ್ಥೆಯನ್ನು ಪರೀಕ್ಷಿಸುವ ಮಾತನ್ನು ನಾನು ಸೇರಿಸುತ್ತೇನೆ. ನೇಮಕಾತಿ ಸಂಸ್ಥೆ ಹಣ ಪಡೆಯುವುದು ಯಾರಿಂದ ಎಂದು ಮೊದಲು ತಿಳಿದುಕೊಳ್ಳಿ. ಖಾಸಗಿ ಉದ್ಯೋಗ ಸಂಸ್ಥೆಗಳ ಬಗ್ಗೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1997ರಲ್ಲಿ ಅಂಗೀಕರಿಸಿದ 181ನೇ ಒಡಂಬಡಿಕೆಯ 7ನೇ ವಿಧಿಯ ಪ್ರಕಾರ, ಇಂಥ ಸಂಸ್ಥೆಗಳು ಕೆಲಸಗಾರರಿಂದ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ, ಪೂರ್ತಿಯಾಗಿಯಾಗಲಿ ಭಾಗಶಃವಾಗಲಿ ಶುಲ್ಕ ಪಡೆಯಬಾರದು. ಕೆಲವು ವರ್ಗದ ಕೆಲಸಗಾರರಿಗೆ ಮತ್ತು ನಿರ್ದಿಷ್ಟ ಸೇವೆಗಳಿಗೆ ಮಾತ್ರ ಸರಕಾರ ವಿನಾಯಿತಿ ಕೊಡಬಹುದು. ಎಲ್ಲ ದೇಶಗಳೂ ಇದನ್ನು ಅನುಮೋದಿಸಿಲ್ಲ, ದೇಶದಿಂದ ದೇಶಕ್ಕೆ ಕಾನೂನು ಬೇರೆ. ಆದರೂ ಅಳತೆಗೋಲಾಗಿ ಇದು ಸಾಕು. ಅಭ್ಯರ್ಥಿಯಿಂದ ‘ನೋಂದಣಿ’, ‘ತರಬೇತಿ’, ‘ಠೇವಣಿ’ ಎಂಬ ಹೆಸರಿನಲ್ಲಿ ಹಣ ಕೇಳುವ ಸಂಸ್ಥೆಯಲ್ಲಿ ನಿಮ್ಮ ಹುದ್ದೆಯ ಹೆಸರು ಏನೇ ಇರಲಿ, ಅಲ್ಲಿನ ಅನುಭವ ನಿಮಗೆ ಕಳಂಕ ತರುತ್ತದೆ. ಕೆಲಸಕ್ಕೆ ಸೇರಲು ನಿಮ್ಮಿಂದಲೇ ಹಣ ಕೇಳಿದರಂತೂ ಯೋಚನೆಯನ್ನೇ ಬಿಡಿ.

ಮತ್ತೊಂದು ಬಗೆಯ ವೇಷವೂ ಇದೆ. ಜಾಹೀರಾತಿನಲ್ಲಿ ‘ಎಚ್‌ಆರ್’ ಎಂದು ಬರೆದು, ಒಳಗೆ ಕಮಿಷನ್ ಏಜೆಂಟರನ್ನು ಒಟ್ಟುಗೂಡಿಸುವ ಕೆಲಸ ಕೊಡುತ್ತಾರೆ. ಅಲ್ಲಿ ‘ನೇಮಕ’ಗೊಂಡವರಿಗೆ ಸಂಬಳವಿಲ್ಲ, ಅವರ ಮಾರಾಟದ ಮೇಲೆ ನಿಮ್ಮ ಗಳಿಕೆ ನಿಂತಿರುತ್ತದೆ. ಅದನ್ನು ನೇಮಕಾತಿ ಅನುಭವವೆಂದು ಯಾವ ಸಂದರ್ಶಕರೂ ಒಪ್ಪುವುದಿಲ್ಲ.

ಹೊಸ ಪದವೀಧರೆ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ನೀವು ಸೂಚಿಸಿದ ಪ್ರಶ್ನೆಗಳನ್ನು ಬರೆದುಕೊಂಡು ಆ ಸಂಸ್ಥೆಯ ವ್ಯವಸ್ಥಾಪಕರೊಂದಿಗೆ ಮತ್ತೊಮ್ಮೆ ಮಾತನಾಡಿದೆ. ಶುಲ್ಕವನ್ನು ಕ್ಲೈಂಟ್ ಕಂಪನಿಗಳಿಂದ ಮಾತ್ರ ಪಡೆಯುತ್ತಾರೆ. ಅಭ್ಯರ್ಥಿಗಳಿಂದ ಏನೂ ಇಲ್ಲ. ಮೊದಲ ಮೂರು ತಿಂಗಳು ನೇಮಕಾತಿ ತಂಡದ ಜೊತೆ ಕುಳಿತು ಅಭ್ಯರ್ಥಿಗಳನ್ನು ಹುಡುಕುವ ಕೆಲಸ, ಆಮೇಲೆ ಕ್ಲೈಂಟ್ ಕಡೆಯ ಕೆಲಸ. ಹುದ್ದೆಯ ಅಗತ್ಯವನ್ನು ಕೇಳಿಕೊಳ್ಳುವುದು ನಾನೇ, ಆದರೆ ಅಭ್ಯರ್ಥಿಗಳನ್ನು ಹುಡುಕುವುದು ಬೇರೆ ತಂಡ. ಇನ್ಸೆಂಟಿವ್ ಹಣ ಬಂದ ಮೇಲೆ ಮಾತ್ರ. ಅವರದೇ ಎಚ್‌ಆರ್ ವಿಭಾಗದಲ್ಲಿ ಇರುವುದು ಇಬ್ಬರು, ಸದ್ಯಕ್ಕೆ ಇನ್ನೊಬ್ಬರನ್ನು ತೆಗೆದುಕೊಳ್ಳುವ ಯೋಜನೆಯಿಲ್ಲ. ಒಂದು ವರ್ಷದ ನಂತರದ ವರ್ಗಾವಣೆಯನ್ನು ಆಫರ್ ಪತ್ರದಲ್ಲಿ ಬರೆದುಕೊಡಿ ಎಂದು ಕೇಳಿದಾಗ, ಅದು ಸಾಧ್ಯವಿಲ್ಲವೆಂದು ಸ್ಪಷ್ಟವಾಗಿ ಹೇಳಿದರು.

ಕರಾರುಪತ್ರದ ಕರಡನ್ನೂ ಕಳಿಸಿದ್ದಾರೆ. ಕೆಲಸ ಬಿಟ್ಟ ನಂತರ ನಿಗದಿತ ಅವಧಿಯವರೆಗೆ ಅವರ ಕ್ಲೈಂಟ್‌ಗಳನ್ನು ವ್ಯವಹಾರಕ್ಕಾಗಿ ಸಂಪರ್ಕಿಸಬಾರದು ಎಂಬ ಷರತ್ತು ಅದರಲ್ಲಿದೆ. ಮುಂದೆ ಅಂಥದೇ ಒಂದು ಕಂಪನಿಯ ನೇಮಕಾತಿ ತಂಡಕ್ಕೆ ಸೇರಲು ಇದು ಅಡ್ಡಿಯಾಗುತ್ತದೆಯೇ ಎಂಬುದು ನನ್ನ ಹೊಸ ಭಯ.

ಕಾರ್ಖಾನೆಯ ಎಚ್‌ಆರ್

ವರ್ಗಾವಣೆ ಆಗುವುದಿಲ್ಲ ಎಂದೇ ತಿಳಿದು ಲೆಕ್ಕ ಹಾಕಿ. ಅವರು ಮುಖಕ್ಕೆ ಹೇಳಿದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಅಗತ್ಯ ಕೇಳಿಕೊಳ್ಳುವ ಕೆಲಸವೂ, ಮೂರು ತಿಂಗಳ ನೇಮಕಾತಿಯೂ ಇದ್ದರೆ ನಾನು ಮೊದಲು ಊಹಿಸಿದ್ದಕ್ಕಿಂತ ಇದು ಉತ್ತಮ ಎನ್ನಲು ಅಡ್ಡಿಯಿಲ್ಲ. ಆದರೂ ಸೇರಿದ ಮೇಲೆ ಎಚ್‌ಆರ್ ಸಹಾಯಕರ ಹುದ್ದೆಗಳಿಗೆ ಅರ್ಜಿ ಹಾಕುವುದನ್ನು ನಿಲ್ಲಿಸಬೇಡಿ.

ನೇಮಕಾತಿ ಸಲಹೆಗಾರ

ನನ್ನ ದೃಷ್ಟಿಯಲ್ಲಿ ಇದು ಸೇರಬಹುದಾದ ಕೆಲಸ. ಮೂರು ತಿಂಗಳ ನಂತರವೂ ವಾರಕ್ಕೆ ಕೆಲವು ಗಂಟೆ ಅಭ್ಯರ್ಥಿಗಳೊಂದಿಗೆ ಮಾತನಾಡುವ ಅವಕಾಶವನ್ನು ಕೇಳಿ ಪಡೆಯಿರಿ, ಒಂದೆರಡು ಹುದ್ದೆಗಳನ್ನಾದರೂ ಆರಂಭದಿಂದ ಸೇರ್ಪಡೆಯವರೆಗೆ ನೀವೇ ನಡೆಸಿ. ನೀವು ತಂದ ಕ್ಲೈಂಟಿನ ಹುದ್ದೆ ತುಂಬದಿದ್ದರೆ ನಿಮ್ಮ ಇನ್ಸೆಂಟಿವ್ ಕೂಡ ನಿಲ್ಲುವುದರಿಂದ, ಇದನ್ನು ಕೇಳುವುದು ಅವರ ಹಿತಕ್ಕೂ ಒಪ್ಪುವ ಮಾತು. ಪ್ರತಿ ಹುದ್ದೆಯ ಕುರಿತು ಎಷ್ಟು ದಿನ ಹಿಡಿಯಿತು, ಎಷ್ಟು ಜನರನ್ನು ಕಳಿಸಿದಿರಿ, ಎಷ್ಟು ಜನ ಸಂದರ್ಶನ ದಾಟಿದರು, ಆಫರ್ ಒಪ್ಪಿಯೂ ಸೇರದವರು ಏನು ಕಾರಣ ಕೊಟ್ಟರು ಎಂಬುದನ್ನು ಬರೆದಿಡಿ. ಕ್ಲೈಂಟ್ ಹೆಸರು, ಅಭ್ಯರ್ಥಿಯ ಹೆಸರು ಬೇಡ. ಸಂಖ್ಯೆ ಮತ್ತು ಕಾರಣ ಸಾಕು.

ಎಚ್‌ಆರ್ ಮುಖ್ಯಸ್ಥೆ

ರೆಸ್ಯೂಮೆ ಬರೆಯುವಾಗ ಹುದ್ದೆಯ ಹೆಸರನ್ನು ಬದಲಿಸಬೇಡಿ. ‘ಬಿಸಿನೆಸ್ ಡೆವಲಪ್‌ಮೆಂಟ್’ ಎಂದಿದ್ದುದನ್ನು ‘ಎಚ್‌ಆರ್ ಎಕ್ಸಿಕ್ಯೂಟಿವ್’ ಎಂದು ತಿದ್ದಿದವರು ಹಿನ್ನೆಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತಾರೆ, ಆಮೇಲೆ ಕೆಲಸದ ಗುಣವನ್ನು ಯಾರೂ ನೋಡುವುದಿಲ್ಲ. ಹೆಸರನ್ನು ಇದ್ದಂತೆಯೇ ಬರೆದು, ಅದರ ಪಕ್ಕದಲ್ಲೇ ‘ನೇಮಕಾತಿ ಸೇವೆಗಳು’ ಎಂದು ಸೇರಿಸಿ, ಕೆಳಗಿನ ಮೊದಲ ಸಾಲಿನಲ್ಲಿ ನೀವು ನಡೆಸಿದ ಹುದ್ದೆಗಳ ವಿವರ ಕೊಡಿ. ತಂದ ಕ್ಲೈಂಟ್‌ಗಳ ಲೆಕ್ಕ ಆಮೇಲೆ ಬರಲಿ.

ಪ್ರಮಾಣಪತ್ರದ ಆಸೆಯಿದ್ದರೆ, ಎಚ್‌ಆರ್ ವೃತ್ತಿಪರರಿಗೆ ಪ್ರಮಾಣಪತ್ರ ಕೊಡುವ ಎಚ್‌ಆರ್‌ಸಿಐ ಸಂಸ್ಥೆ ನಡೆಸುವ ಎಪಿಎಚ್‌ಆರ್ ಪರೀಕ್ಷೆಗೆ ಎಚ್‌ಆರ್ ಅನುಭವದ ಷರತ್ತಿಲ್ಲ. ಆರಂಭಿಕರಿಗೆಂದೇ ಮಾಡಿದ್ದು. ಅದು ಅನುಭವಕ್ಕೆ ಬದಲಿಯಾಗುವುದಿಲ್ಲ, ಆದರೆ ಮಾರಾಟದ ಹುದ್ದೆಯಲ್ಲಿದ್ದರೂ ವಿಷಯದ ನಂಟು ಬಿಟ್ಟಿಲ್ಲ ಎಂಬುದಕ್ಕೆ ಗುರುತಾಗುತ್ತದೆ. ನೀವು ಎಂಬಿಎ ಮಾಡಿರುವುದರಿಂದ ಮೊದಲ ವರ್ಷ ಅದಕ್ಕೆ ಹಣ ಹಾಕುವ ತುರ್ತು ನನಗೆ ಕಾಣುವುದಿಲ್ಲ. ಬದಲಿಗೆ ನಿಮ್ಮಲ್ಲಿನ ಕಾರ್ಮಿಕ ಕಾನೂನು ಮತ್ತು ಸಂಬಳದ ಲೆಕ್ಕವನ್ನು ಆ ಇಬ್ಬರು ಎಚ್‌ಆರ್ ಸಹೋದ್ಯೋಗಿಗಳಿಂದ ಕೇಳಿ ಕಲಿಯಿರಿ.

ಕಾನೂನು ಪಾಲನೆ ನೋಡುವವರು

ಷರತ್ತಿನ ಬಗ್ಗೆ: ಕ್ಲೈಂಟ್‌ಗಳನ್ನು ವ್ಯವಹಾರಕ್ಕಾಗಿ ಸಂಪರ್ಕಿಸಬಾರದು ಎಂಬುದೂ, ಕ್ಲೈಂಟ್ ಕಂಪನಿಯಲ್ಲಿ ಉದ್ಯೋಗಕ್ಕೆ ಸೇರಬಾರದು ಎಂಬುದೂ ಎರಡು ಬೇರೆ ಷರತ್ತುಗಳು. ಮೊದಲನೆಯದು ಈ ಉದ್ಯಮದಲ್ಲಿ ಸಾಮಾನ್ಯ, ನಿಮ್ಮ ಯೋಜನೆಗೆ ಅದರಿಂದ ತೊಂದರೆಯಿಲ್ಲ. ಎರಡನೆಯದು ಕರಡಿನಲ್ಲಿ ಎಲ್ಲಾದರೂ ಇದೆಯೇ ಎಂದು ಪೂರ್ತಿ ಓದಿ. ಇದ್ದರೆ ತೆಗೆಯಲು ಕೇಳಿ, ಇಲ್ಲವೇ ನೀವು ಸ್ವತಃ ನಿರ್ವಹಿಸಿದ ಕ್ಲೈಂಟ್‌ಗಳಿಗೆ ಮತ್ತು ಕಡಿಮೆ ಅವಧಿಗೆ ಸೀಮಿತಗೊಳಿಸಲು ಕೇಳಿ. ಇಂಥ ಷರತ್ತು ನ್ಯಾಯಾಲಯದಲ್ಲಿ ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಎಂಬುದು ಆಯಾ ದೇಶದ ಕಾನೂನಿನ ಮೇಲೆ ಹೋಗುತ್ತದೆ. ಸಹಿ ಹಾಕುವ ಮೊದಲು ಸ್ಥಳೀಯ ವಕೀಲರಿಗೆ ಒಮ್ಮೆ ತೋರಿಸಿ. ಬಿಡುವಾಗ ಅಭ್ಯರ್ಥಿಗಳ ಪಟ್ಟಿಯನ್ನಾಗಲಿ ಕ್ಲೈಂಟ್‌ಗಳ ದೂರವಾಣಿ ಸಂಖ್ಯೆಗಳನ್ನಾಗಲಿ ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳುವುದು ಬೇಡ. ಅದು ಕರಾರಿನ ಉಲ್ಲಂಘನೆ ಮಾತ್ರವಲ್ಲ, ಆ ಅಭ್ಯರ್ಥಿಗಳು ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯ ದುರುಪಯೋಗವೂ ಆಗುತ್ತದೆ.

ಹೊಸ ಪದವೀಧರೆ

ಕರಡನ್ನು ಪೂರ್ತಿ ಓದಿದೆ. ಎರಡನೆಯ ಷರತ್ತು ಇದೆ, ಎಲ್ಲ ಕ್ಲೈಂಟ್‌ಗಳಿಗೂ ಅನ್ವಯಿಸುವಂತೆ ಬರೆದಿದ್ದಾರೆ. ಅದನ್ನು ನಾನು ನಿರ್ವಹಿಸಿದ ಕ್ಲೈಂಟ್‌ಗಳಿಗೆ ಸೀಮಿತಗೊಳಿಸಿ, ಅಗತ್ಯ ಕೇಳಿಕೊಳ್ಳುವುದೂ ಮೊದಲ ಮೂರು ತಿಂಗಳ ನೇಮಕಾತಿ ಕೆಲಸವೂ ಹುದ್ದೆಯ ವಿವರಣೆಯಲ್ಲಿ ಬರಲಿ ಎಂದು ಇಮೇಲ್ ಕಳಿಸಿದ್ದೇನೆ. ಇವೆರಡಕ್ಕೂ ಒಪ್ಪಿದರೆ ವಕೀಲರಿಗೆ ತೋರಿಸಿ ಸೇರುತ್ತೇನೆ; ವರ್ಗಾವಣೆಯ ಮಾತನ್ನು ಲೆಕ್ಕದಿಂದ ತೆಗೆದುಹಾಕಿದ್ದೇನೆ. ಒಪ್ಪದಿದ್ದರೆ ಹುಡುಕಾಟ ಮುಂದುವರಿಸುತ್ತೇನೆ. ಅವರ ಉತ್ತರ ಬಂದ ಮೇಲೆ ಇಲ್ಲಿಯೇ ತಿಳಿಸುತ್ತೇನೆ.